ಎಲೆ ಹೆಕ್ಕಿ ಭೂಕಂಪದ ಕಾಲ ಕಂಡುಹಿಡಿಯುವುದು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಸುಮಾರು 600 ಕಿಲೋಮೀಟರ್ ಉದ್ದಕ್ಕೆ ಹಾಯುವ ಆಲ್ಪೈನ್ ಸ್ತರಭಂಗದ (ನೆಲದಾಳದ ಬಂಡೆಗಳಲ್ಲಿನ ಬಿರುಕು) ಮೇಲೆ ನನ್ನ ಕೆಲಸವೇನೆಂದು ಊರಿನ ಕಡೆಯವರು ಕೇಳಿದರೆ, ಕೆಸರು ತೊಳೆದು ಎಲೆ ಹೆಕ್ಕುವುದು ಎನ್ನುತ್ತೇನೆ. ತಮಾಷೆ ಎಂದುಕೊಳ್ಳುತ್ತಾರೆ. ಆದರೆ ದಿನದ ಬಹುಪಾಲು ಹೋಗುವುದು ಅದಕ್ಕೇ. ಇಲ್ಲಿ ಕೊನೆಯ ದೊಡ್ಡ ಭೂಕಂಪವಾದದ್ದು 1717ರಲ್ಲಿ. ಕ್ಯಾಪ್ಟನ್ ಕುಕ್‌ನ ಹಡಗು ಈ ದೇಶಕ್ಕೆ ಬಂದದ್ದು 1769ರಲ್ಲಿ. ಬರೆದಿಟ್ಟವರು ಯಾರೂ ಇಲ್ಲದ ಮೇಲೆ ಮಣ್ಣನ್ನೇ ಕೇಳಬೇಕು.

ಇದರ ಪೂರ್ವಕ್ಕೆ ಪೆಸಿಫಿಕ್ ಭೂಫಲಕ (ಭೂಮಿಯ ಹೊರಪದರದ ಬೃಹತ್ ತುಂಡು), ಪಶ್ಚಿಮಕ್ಕೆ ಆಸ್ಟ್ರೇಲಿಯಾದ ಫಲಕ. ದೀರ್ಘಕಾಲದ ಸರಾಸರಿ ನೋಡಿದರೆ ಇವೆರಡೂ ಸ್ತರಭಂಗದ ಗುಂಟ ವರ್ಷಕ್ಕೆ ಹೆಚ್ಚುಕಡಿಮೆ 27 ಮಿಲಿಮೀಟರ್ ಜರುಗಿವೆ. ಆದರೆ ದಿನವೂ ತುಸುತುಸುವೇ ಜರುಗುವುದಿಲ್ಲ. ಇದನ್ನು ಪರೀಕ್ಷಿಸಲೆಂದೇ ಸ್ಪ್ರಿಂಗ್ಸ್ ಜಂಕ್ಷನ್ ಬಳಿ 1964ರಲ್ಲಿ ಸ್ತರಭಂಗಕ್ಕೆ ಅಡ್ಡಲಾಗಿ 24 ಮೀಟರ್ ಉದ್ದದ ಕಾಂಕ್ರೀಟ್ ಗೋಡೆ ಕಟ್ಟಿದರು. ಅದು ಇನ್ನೂ ನೇರವಾಗಿಯೇ ನಿಂತಿದೆ. ನೋಡಿದವರಿಗೆ ನೆಮ್ಮದಿಯಾಗಬಹುದು, ನನಗಂತೂ ಆಗುವುದಿಲ್ಲ: ಜರುಗದೆ ಉಳಿದದ್ದೆಲ್ಲ ಒಳಗೆ ಬಿಗಿಯಾಗಿ ಕೂಡಿಡಲ್ಪಡುತ್ತಿದೆ.

ನಾವು ಹುಡುಕುವುದು ಸ್ತರಭಂಗವನ್ನು ದಾಟುವ ಸಣ್ಣ ತೊರೆಗಳನ್ನು. ಭೂಕಂಪದಲ್ಲಿ ಒಂದು ಬದಿ ಮೇಲೆದ್ದರೆ ನೀರಿಗೆ ತಡೆಯಾಗಿ ಬೂದು ಬಣ್ಣದ ಗೋಡುಮಣ್ಣು ಕೂರುತ್ತದೆ. ಕಾಲಕ್ರಮದಲ್ಲಿ ಅದರ ಮೇಲೆ ಜವುಗು ಬೆಳೆದು, ಸಸ್ಯ ಕೊಳೆತು ಕಪ್ಪು ಪೀಟ್ ಪದರವಾಗುತ್ತದೆ. ಮತ್ತೊಂದು ಭೂಕಂಪ, ಮತ್ತೆ ಬೂದು ಮಣ್ಣು. ಹೊಕುರಿ ತೊರೆಯ ಇಂಥ ಪದರಗಳನ್ನು ಮುಖ್ಯವಾಗಿ ಆಧರಿಸಿದ 2012ರ ಅಧ್ಯಯನ 8000 ವರ್ಷಗಳಲ್ಲಿ 24 ಭೂಕಂಪಗಳನ್ನು ಗುರುತಿಸಿತು. ಸರಾಸರಿ ಅಂತರ 330 ವರ್ಷದ ಆಸುಪಾಸು. ಕರ್ನಾಟಕದಲ್ಲಿ 250 ಕೋಟಿ ವರ್ಷಕ್ಕೂ ಹಳೆಯ ಧಾರವಾಡ ಶಿಲೆಗಳ ಮೇಲೆ ಪಾಠ ಕಲಿತ ನನಗೆ, ಶತಮಾನಗಳನ್ನು ಎಣಿಸುವ ಈ ಭೂವಿಜ್ಞಾನ ಮೊದಮೊದಲು ನಿನ್ನೆಯ ಪತ್ರಿಕೆ ಓದಿದಂತೆ ಅನಿಸುತ್ತಿತ್ತು.

ಕರಣೆಯಿಂದ ಕಂದಕದ ಗೋಡೆಯನ್ನು ನಯವಾಗಿ ಕೆರೆದು, ಕಪ್ಪು ಮತ್ತು ಬೂದು ಸೇರುವ ಗೆರೆಯ ಸ್ವಲ್ಪ ಮೇಲಿನಿಂದ ಒಂದು, ಸ್ವಲ್ಪ ಕೆಳಗಿನಿಂದ ಒಂದು ಮಣ್ಣಿನ ತುಂಡು ತೆಗೆಯುತ್ತೇನೆ. ಭೂಕಂಪದ ಕಾಲವನ್ನು ನೇರವಾಗಿ ಅಳೆಯಲಾಗದು. ಅದರ ಹಿಂದುಮುಂದನ್ನು ಅಳೆದು ನಡುವೆ ಹಿಡಿಯಬೇಕು. ಪಶ್ಚಿಮ ಕರಾವಳಿಯ ಮಳೆಯಲ್ಲಿ, ಸ್ಯಾಂಡ್‌ಫ್ಲೈಗಳ ಕಡಿತದ ನಡುವೆ ಚೀಲಕ್ಕೆ ಚೀಟಿ ಬರೆಯುವುದೇ ಒಂದು ಸಾಹಸ. ತುಂಡುಗಳನ್ನು ತಣ್ಣಗೆ ಇಡದಿದ್ದರೆ ಬೂಸ್ಟು ಬಂದು ಇಂದಿನ ಇಂಗಾಲ ಸೇರಿಕೊಂಡು ವಯಸ್ಸಿನ ಲೆಕ್ಕ ತಪ್ಪುತ್ತದೆ.

ಪ್ರಯೋಗಾಲಯದಲ್ಲಿ ನೆನೆಸಿ, ಜರಡಿಯಲ್ಲಿ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಕುಂಚದಿಂದ ಎಲೆಯ ಚೂರು, ಬೀಜಗಳನ್ನು ಬೇರ್ಪಡಿಸುತ್ತೇನೆ. ಹೊಸಬರ ಕೈ ಮೊದಲು ಹೋಗುವುದು ದಪ್ಪ ಕಟ್ಟಿಗೆಯ ಕಡೆಗೆ. ಅದನ್ನು ಬಿಡಿಸುವುದೇ ನನ್ನ ಮೊದಲ ಪಾಠ. ಇಲ್ಲಿನ ರಿಮು ಮರ 600 ವರ್ಷಕ್ಕೂ ಹೆಚ್ಚು ಬದುಕುತ್ತದೆ. ಅದರ ತಿರುಳು ಕೆಸರಿಗೆ ಬೀಳುವ ಹೊತ್ತಿಗಾಗಲೇ ಶತಮಾನಗಳಷ್ಟು ಹಳೆಯದು. ಬೇರಿನದು ಇದಕ್ಕೆ ತದ್ವಿರುದ್ಧ: ಮೇಲಿನ ಪದರದಿಂದ ಇಳಿದು ಬಂದು ವಯಸ್ಸನ್ನು ಕಡಿಮೆ ತೋರಿಸುತ್ತದೆ. ಸುಲಭವಾಗಿ ಚಿಂದಿಯಾಗುವ ಎಲೆ ಮಾತ್ರ ಹೆಚ್ಚು ಕಾಲ ಅಲೆದಾಡಲಾರದು, ಬಿದ್ದ ಕಾಲಕ್ಕೇ ಹೂತುಹೋಗಿರುತ್ತದೆ. ಸತ್ತ ಸಸ್ಯದಲ್ಲಿ ಕಾಲ ಕಳೆದಂತೆ ಕಡಿಮೆಯಾಗುತ್ತ ಅದರ ವಯಸ್ಸು ತಿಳಿಸುವ ಇಂಗಾಲ-14ರ ಅಳತೆಗೆ ಅಂಥ ಚೂರುಗಳ ಕೆಲವು ಮಿಲಿಗ್ರಾಂ ಸಾಕು.

ಆದರೂ 1650ರಿಂದ ಈಚೆಗೆ ಈ ವಿಧಾನ ತಡವರಿಸುತ್ತದೆ. ವಾತಾವರಣದ ಇಂಗಾಲ-14 ಆ ಕಾಲದಲ್ಲಿ ಏರಿಳಿದಿದ್ದರಿಂದ ಒಂದೇ ಎಲೆಗೆ ಹಲವು ಸಂಭವನೀಯ ಕಾಲಗಳು ಸಿಗುತ್ತವೆ. 1717 ಎಂಬ ವರ್ಷವನ್ನು ಖಚಿತಪಡಿಸಿದ್ದು ಮರಗಳ ವಾರ್ಷಿಕ ಉಂಗುರಗಳು: ನಡುಗಿ ಬದುಕುಳಿದ ಮರಗಳ ಬೆಳವಣಿಗೆ ಒಮ್ಮೆಲೇ ಕುಗ್ಗಿತ್ತು.

ಮುಂದಿನ 50 ವರ್ಷಗಳಲ್ಲಿ ದೊಡ್ಡ ಭೂಕಂಪವಾಗುವ ಸಂಭವ ಶೇ 75ರಷ್ಟೆಂದು 2021ರ ಅಂದಾಜು ಹೇಳುತ್ತದೆ. ಸ್ತರಭಂಗ ಊರೊಳಗೇ ಹಾಯುವ ಫ್ರಾನ್ಸ್ ಜೋಸೆಫ್‌ನಲ್ಲಿ ಜನ ನನ್ನನ್ನು ಕೇಳುವುದು ಒಂದೇ, ಯಾವಾಗ ಎಂದು. ದಿನಾಂಕ ಹೇಳುವ ವಿದ್ಯೆ ನನ್ನಲ್ಲಿಲ್ಲ. ಗುಡ್ಡ ಕುಸಿದು ಹೆದ್ದಾರಿ ಬಹುಕಾಲ ಮುಚ್ಚಬಹುದು, ನೀರು, ಔಷಧಿ, ಊಟದ ಸಾಮಾನು ಮನೆಯಲ್ಲಿಡಿ ಎನ್ನುತ್ತೇನೆ.