ಬಾಳೆನಾರಿನ ಬಲ ಅಳೆಯುವಾಗ ನಾನು ಕಲಿತದ್ದು

ಗೊನೆ ಕಡಿದ ಮೇಲೆ ನಮ್ಮ ತೋಟದಲ್ಲಿ ಉಳಿಯುತ್ತಿದ್ದ ಬಾಳೆಕಂಬಗಳ ಪಟ್ಟೆ ಬಿಡಿಸಿ, ಮೊಂಡು ಅಲಗಿನಿಂದ ತಿರುಳು ಹೆರೆದು, ನಾರನ್ನು ತೊಳೆದು ನೆರಳಿನಲ್ಲಿ ಒಣಗಿಸಿದೆ. ಹೊರಪಟ್ಟೆಯ ನಾರು ಒರಟು, ಒಳಪಟ್ಟೆಯದು ನಯವಾದ್ದರಿಂದ ಎರಡನ್ನೂ ಬೇರೆ ಬೇರೆ ಕಟ್ಟಿಟ್ಟೆ. ನಾರು ಗಾಳಿಯ ತೇವವನ್ನು ಹೀರುವುದರಿಂದ, ಪರೀಕ್ಷೆಗೆ ಮುನ್ನ ಒಂದು ದಿನ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 65 ಆರ್ದ್ರತೆಯ ಕೋಣೆಯಲ್ಲಿ ಇರಿಸಿದೆ.

ಒಂದೊಂದು ಎಳೆಯನ್ನೂ ಕಾಗದದ ಚೌಕಟ್ಟಿಗೆ ಅಂಟಿಸಿ, ನಾರನ್ನು ಎಳೆದು ತುಂಡರಿಸುವ ಯಂತ್ರದ ಹಿಡಿಕೆಗೆ ಸಿಕ್ಕಿಸಿದ ಮೇಲೆ ಚೌಕಟ್ಟಿನ ಎರಡೂ ಬದಿಗಳನ್ನು ಕತ್ತರಿಸಿ ಎಳೆದೆ. ಒಂದೇ ಕಂತೆಯ ನಾರುಗಳ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ಯಂತ್ರದ ಮೇಲೆಯೇ ಅನುಮಾನಪಟ್ಟು ಹಲವು ದಿನ ಕಳೆದೆ. ತಪ್ಪಿದ್ದದ್ದು ನಾನು ದಪ್ಪ ಅಳೆದ ಕ್ರಮದಲ್ಲಿ. ಎಳೆ ತುಂಡಾಗುವ ಭಾರವನ್ನು ಅದರ ಅಡ್ಡಕೊಯ್ತದ ಕ್ಷೇತ್ರಫಲದಿಂದ ಭಾಗಿಸಿದರೆ ಬರುವುದೇ ಬಲ; ಆ ಕ್ಷೇತ್ರಫಲ ದಪ್ಪದಿಂದಲೇ ಬರುತ್ತದೆ.

ನಾರನ್ನು ಅಡ್ಡಕ್ಕೆ ತೆಳುವಾಗಿ ಕೊಯ್ದು, ಲಿಗ್ನಿನ್ (ಜೀವಕೋಶದ ಗೋಡೆಯನ್ನು ಗಟ್ಟಿಯಾಗಿಸುವ ವಸ್ತು) ಇರುವೆಡೆ ಕೆಂಪಾಗಿಸುವ ಸ್ಯಾಫ್ರನಿನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ವಿಷಯ ಸ್ಪಷ್ಟವಾಯಿತು. ನಾವು ಒಂದು ಎಳೆ ಎನ್ನುವುದು ನಡುವೆ ಟೊಳ್ಳಿರುವ ಅನೇಕ ಜೀವಕೋಶಗಳ ಕಟ್ಟು. ಅದರ ಅಡ್ಡಕೊಯ್ತ ದುಂಡಗಿರದೆ ಚಪ್ಪಟೆಯಾಗಿತ್ತು. ಅಗಲ 180 ಮೈಕ್ರಾನ್, ದಪ್ಪ 105 ಮೈಕ್ರಾನ್ ಇರುವ ಎಳೆಯು 7.5 ನ್ಯೂಟನ್ ಭಾರಕ್ಕೆ ತುಂಡಾಯಿತೆನ್ನೋಣ. ಅಗಲವನ್ನೇ ವ್ಯಾಸವೆಂದು ಹಿಡಿದರೆ ಬಲ ಸುಮಾರು 295 ಮೆಗಾಪಾಸ್ಕಲ್ ಬರುತ್ತದೆ. ನಿಜವಾದ ಅಂಡಾಕಾರದ ಕ್ಷೇತ್ರಫಲ ಹಿಡಿದರೆ 500 ದಾಟುತ್ತದೆ. ಎಳೆ ಹೇಗೆ ತಿರುಗಿ ಕೂತಿತ್ತೆಂಬುದೇ ನನ್ನ ಅಂಕಿಗಳನ್ನು ನಿರ್ಧರಿಸುತ್ತಿತ್ತು.

ಆಮೇಲೆ ಉದ್ದ ಗೊತ್ತಿರುವ ಎಳೆಗಳನ್ನು ತೂಗಿ, ತೂಕವನ್ನು ಉದ್ದ ಮತ್ತು ಸಾಂದ್ರತೆಯಿಂದ ಭಾಗಿಸಿ ಕ್ಷೇತ್ರಫಲ ಪಡೆದೆ. ನೀರಿನಲ್ಲಿ ನಾರು ಉಬ್ಬುವುದರಿಂದ ಸಾಂದ್ರತೆಯನ್ನು ಟಾಲುಯೀನ್ ಎಂಬ ದ್ರವದಲ್ಲಿ ಅಳೆದೆ. ಈ ದಾರಿ ನಿಧಾನದ್ದಾದರೂ, ನನ್ನ ಮಟ್ಟಿಗೆ ಬೇರೆ ಯಾವ ದಾರಿಯೂ ಇಷ್ಟು ನಂಬಿಕೆ ಹುಟ್ಟಿಸಲಿಲ್ಲ.

ರಾಳದೊಂದಿಗೆ (ನಾರುಗಳನ್ನು ಹಿಡಿದಿಡುವ ಅಂಟಿನಂಥ ವಸ್ತು) ನಾರು ಚೆನ್ನಾಗಿ ಬೆಸೆಯಲೆಂದು ಶೇ. 5ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿದಾಗಲೂ ಇದೇ ಎಚ್ಚರ ಬೇಕಾಯಿತು. ಅವಕೆಂಪು ರೋಹಿತದಲ್ಲಿ ಸುಮಾರು 1735 cm⁻¹ ತರಂಗಸಂಖ್ಯೆಯ ಬಳಿಯ ಶಿಖರ ಮಾಯವಾದದ್ದು, ನಾರಿನ ಗೋಡೆಯಲ್ಲಿನ ಹೆಮಿಸೆಲ್ಯುಲೋಸ್ ಎಂಬ ವಸ್ತು ಕರಗಿಹೋದುದಕ್ಕೆ ಗುರುತು. ಅದು ಕರಗಿದಷ್ಟೂ ಎಳೆ ಹಗುರವಾಗಿ ಸಣ್ಣದಾಗಿತ್ತು. ಹೀಗಾಗಿ ಸಂಸ್ಕರಿಸಿದ ಪ್ರತಿ ಕಂತೆಯ ತೂಕವನ್ನೂ ಸಾಂದ್ರತೆಯನ್ನೂ ಮತ್ತೆ ಅಳೆದು, ಹಳೆಯ ಕ್ಷೇತ್ರಫಲದಿಂದ ಲೆಕ್ಕ ಹಾಕಿದ್ದ ಪುಟಗಳನ್ನು ಹೊಡೆದುಹಾಕಿ ಹೊಸದಾಗಿ ಬರೆದೆ.