ಗಂಧಕ, ಕರ್ಪೂರ ಮತ್ತು ಒಂದು ಜೋಡುನಳಿಗೆ ರೈಫಲ್

ಹಳೇ ರೈಫಲೊಂದರ ತೋಟಾ ಯಾವುದೆಂದು ಅಳೆದು ತಿಳಿಯಲು, ಅದರ ಚೇಂಬರಿಗೆ (ತೋಟಾ ಕೂರುವ ಗೂಡಿಗೆ) ಗಂಧಕ ಕರಗಿಸಿ ಎರಕ ಹೊಯ್ಯುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಬೆಂಗಳೂರಿನ ಡೀಲರೊಬ್ಬರು "ಅಜ್ಜನ ಕಾಲದ್ದು, ಅಳತೆ ಸರಿ ಬರೋದಿಲ್ಲ ಬಿಡಿ" ಅಂದರು. ಇನ್ನೊಬ್ಬರು ನೋಡದೆಯೇ "ಮೂರೂಕಾಲು ಇಂಚಿನ ತೋಟಾದ್ದು, ಎಸ್ಟೇಟ್ ಕೋವಿಗಳೆಲ್ಲ ಅದೇ" ಎಂದು ತೀರ್ಪು ಕೊಟ್ಟರು. ಈಗ ಎರಕ ಮೇಜಿನ ಮೇಲಿದೆ, ಮೈಕ್ರೋಮೀಟರ್ ಪಕ್ಕದಲ್ಲಿದೆ, ಇಬ್ಬರೂ ಬಾಯಿ ಮುಚ್ಚಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ. ರಿಪೇರಿ ಕೆಲಸ ಗೊತ್ತಿದ್ದವರಿಗೆ ಮಾತ್ರ ಇದು, ಮೊದಲಿನಿಂದ ಪಾಠ ಹೇಳುವುದಿಲ್ಲ.

ಕೋವಿ ದಕ್ಷಿಣ ಕೊಡಗಿನ ಒಂದು ಐನ್‌ಮನೆಯದ್ದು (ಕೊಡವ ಕುಟುಂಬದ ಮೂಲ ಮನೆ). ಹ್ಯಾಮರ್ ಇಲ್ಲದ ಬಾಕ್ಸ್‌ಲಾಕ್, ಜೋಡುನಳಿಗೆ, ಬರ್ಮಿಂಗ್‌ಹ್ಯಾಮ್ ಪ್ರೂಫ್, ಅಂದರೆ ಒತ್ತಡ ಪರೀಕ್ಷೆಯ ಮುದ್ರೆ. ತಯಾರಕರ ಹೆಸರಿದ್ದ ಜಾಗವನ್ನು ಯಾರೋ ಪುಣ್ಯಾತ್ಮರು ಎಮೆರಿ ಹಾಕಿ ಉಜ್ಜಿಬಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಆಯುಧಗಳ ಹಬ್ಬ ಕೈಲ್‌ಪೋಳ್ದ್ ದಿನ ತೋಕ್‌ಪೂ ಎಂಬ ಹೂವಿಟ್ಟು ಪೂಜೆ ಆಗುತ್ತದೆ, ಅಷ್ಟೇ. ಗುಂಡು ಹಾರಿಸಿ ಎರಡು ತಲೆಮಾರಾಯಿತು. ಹಳೆಯ ಕಾಗದದಲ್ಲಿ "400 ಬೋರ್ ಡಬಲ್ ರೈಫಲ್" ಅಂತಿದೆ. ಹೆಸರು ವರ್ಗಾವಣೆಗೆ ಸರಿಯಾದ ತೋಟಾದ ಹೆಸರು ಬೇಕು. ಅದಕ್ಕಿಂತ ಹೆಚ್ಚಾಗಿ, ಮನೆಯ ಹುಡುಗರು ಎಲ್ಲಿಂದಲೋ ಒಂದು ಹಳೇ ತೋಟಾ ಹುಡುಕಿ ತುರುಕಿ ನೋಡುವ ಮೊದಲು ಇದು ಇತ್ಯರ್ಥ ಆಗಬೇಕಿತ್ತು.

400 ಬೋರ್ ಅಂದರೆ ಏನೂ ಹೇಳಿದ ಹಾಗಲ್ಲ. .450/400 ಎಂಬ ತೋಟಾದಲ್ಲೇ, ಕೇಸಿನ (ಹಿತ್ತಾಳೆ ಕೋಶದ) ಉದ್ದ ನೋಡಿದರೆ, ಎರಡೂಮುಕ್ಕಾಲಿಗಿಂತ ಗಿಡ್ಡದ್ದು ಒಂದು, ಮೂರೂಕಾಲು ಇಂಚಿನದ್ದು ಒಂದು, ಮೂರು ಇಂಚಿನ ಜೆಫರಿ ಕಂಪನಿಯದ್ದು ಒಂದು. ಸಾಲದ್ದಕ್ಕೆ ಪರ್ಡಿಯ ನೇರ ಕೇಸಿನ .400. ಮೂರೂಕಾಲು ಇಂಚಿನದರಲ್ಲಿ ಮತ್ತೆ ಎರಡು ಪಂಗಡ: ಕರಿಮದ್ದಿನ ಎಕ್ಸ್‌ಪ್ರೆಸ್, ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದಿನ ನೈಟ್ರೋ ಎಕ್ಸ್‌ಪ್ರೆಸ್. ಕೇಸು ಒಂದೇ, ಒತ್ತಡ ಬೇರೆ. ಕರಿಮದ್ದಿನ ನಳಿಗೆಗೆ ನೈಟ್ರೋ ಹಾಕಿದರೆ ಕೋವಿಯೂ ಹೋಯಿತು, ಕೈಯೂ ಹೋಯಿತು. ಈ ಭೇದವನ್ನು ಯಾವ ಎರಕವೂ ಹೇಳುವುದಿಲ್ಲ, ಪ್ರೂಫ್ ಗುರುತೇ ಹೇಳಬೇಕು. ಎರಕ ಎರಕ ಅಂತ ಕುಣಿಯುವವರು ಇದನ್ನು ಮರೆಯುತ್ತಾರೆ.

ನಳಿಗೆಯ ಕೆಳಗಿನ ಚಪ್ಪಟೆ ಭಾಗದಲ್ಲಿ ಗಟ್ಟಿಯಾದ ಎಣ್ಣೆ ಜಿಡ್ಡು. ಸೀಮೆಎಣ್ಣೆಯಲ್ಲಿ ನೆನೆಸಿ, ಬಿದಿರುಕಡ್ಡಿಯಲ್ಲಿ ಕೆರೆದು, ಟಾರ್ಚನ್ನು ಓರೆಗೆ ಹಿಡಿದಾಗ ಕಾರ್ಡೈಟ್ ಅನ್ನುವ ಅಕ್ಷರಗಳು ಕಂಡವು, ಪಕ್ಕದಲ್ಲಿ 60, ಆಮೇಲೆ 400. ಅರವತ್ತು ಗ್ರೇನ್ ತೂಕದ ಕಾರ್ಡೈಟ್, ನಾನೂರು ಗ್ರೇನ್ ತೂಕದ ಗುಂಡು. ಕರಿಮದ್ದಿನ ಪಂಗಡ ಅಲ್ಲಿಗೇ ಹೊರಹೋಯಿತು. ಉಳಿದದ್ದು ಮೂರು ಇಂಚೋ ಮೂರೂಕಾಲೋ ಎಂಬ ಪ್ರಶ್ನೆ. ಆ ಮದ್ದು, ಆ ಗುಂಡು ಎರಡಕ್ಕೂ ಹೊಂದುತ್ತದೆ, ನೋಡಿ ಕಷ್ಟ.

ಮೊದಲು ಮೇಣ. ಆರಿದಾಗ ಎಷ್ಟು ಕುಗ್ಗುತ್ತದೆಂದರೆ ಅಳತೆ ತೆಗೆಯುವುದೇ ದಂಡ. ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು ಗುಜರಿ ನಳಿಗೆಯಲ್ಲಿ ನೋಡಿದೆ: ನೀರಿನಂಶ, ತುಕ್ಕು, ಹೊರಗೆ ಬರಲು ಹಠ. ಎರಕಕ್ಕೆಂದೇ ಮಾಡಿದ ಸೆರೋಸೇಫ್ ಲೋಹ ತರಿಸೋಣವೆಂದರೆ ಸಾಗಣೆ, ಸುಂಕ ಸೇರಿ ಏಳೆಂಟು ಸಾವಿರ ಅಂದರು. ಬದಲಿಗೆ ಲ್ಯಾಬ್ ಸಾಮಾನಿನವರಿಂದ ವುಡ್ಸ್ ಮೆಟಲ್ ತರಿಸಿದೆ, ಅದೂ ಮೂರು ಸಾವಿರದ ಹತ್ತಿರ ಆಯಿತು. ಬಿಸಿನೀರಿನಲ್ಲೇ ಕರಗುತ್ತದೆ, ಸುಮಾರು 70 ಡಿಗ್ರಿ, ಹೊಯ್ಯಲು ಸುಖ. ಆದರೆ ಅದರಲ್ಲಿ ಅರ್ಧ ಬಿಸ್ಮತ್, ಗಟ್ಟಿಯಾದ ಮೇಲೂ ಗಾತ್ರ ಬದಲಾಗುತ್ತಲೇ ಇರುತ್ತದೆ. ಬೆಳಗಿನ ಅಳತೆ ಸಂಜೆಗೆ ಇಲ್ಲ. ಸೆರೋಸೇಫಿಗಾದರೆ ಎರಕ ಹೊಯ್ದು ಒಂದು ಗಂಟೆಗೆ ಅಳೆಯಬೇಕೆಂಬ ನಿಯಮ ಇದೆ, ಇದಕ್ಕೆ ಅಂಥದ್ದಿಲ್ಲ. ಸೀಸ, ಕ್ಯಾಡ್ಮಿಯಂನ ವಿಷ ಬೇರೆ. ಡಬ್ಬಿ ಕಪಾಟಿನಲ್ಲಿದೆ, ಯಾರಿಗಾದರೂ ಬೇಕಾದರೆ ಅರ್ಧ ಬೆಲೆಗೆ ಕೊಡುತ್ತೇನೆ.

ಕೊನೆಗೆ ಗ್ರಂಥಿಗೆ ಅಂಗಡಿಯ ಗಂಧಕ. ಇನ್ನೂರು ರೂಪಾಯಿಗೆ ಎರಡು ವರ್ಷಕ್ಕಾಗುವಷ್ಟು ಬಂತು. ಹಳೇ ಇಂಗ್ಲಿಷ್ ಗನ್‌ಸ್ಮಿತ್‌ಗಳ ಪಾಕ ಇದೇ: ಗಂಧಕಕ್ಕೆ ಚೂರು ದೀಪದ ಮಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಕರ್ಪೂರದ ಎರಡು ಮೂರು ಹನಿ. ಎಲ್ಲವೂ ಪೂಜಾ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. ಒಲೆ ಸಣ್ಣಗಿರಬೇಕು. 115-120 ಡಿಗ್ರಿಯಲ್ಲಿ ಕರಗಿ ಜೇನಿನ ಬಣ್ಣಕ್ಕೆ ಬಂದು ನೀರಾಗಿ ಹರಿಯುತ್ತದೆ, ಆಗಲೇ ಹೊಯ್ಯಬೇಕು. 160 ದಾಟಿತೋ, ಕಪ್ಪಾಗಿ ಅಂಟಾಗುತ್ತದೆ, ಚೇಂಬರಿಗೆ ಇಳಿಯುವುದೇ ಇಲ್ಲ. ಬೆಂಕಿ ಹತ್ತಿದರೆ ನೀಲಿ ಉರಿ, ಆ ಹೊಗೆ ಎದೆ ಹಿಡಿಯುತ್ತದೆ, ಅಂಗಳದಲ್ಲೇ ಮಾಡಿ.

ಶುರುವಿನ ಎರಕಗಳು ಕುತ್ತಿಗೆಯಲ್ಲೇ ತುಂಡಾದವು. ನಳಿಗೆ ತಣ್ಣಗಿತ್ತು, ಜೂನ್ ಮಳೆ. ಬಿಸಿ ಮಾಡಿದ ಮೇಲೆ ಸರಿಹೋಯಿತು. ಎಷ್ಟು ಬಿಸಿ, ಹೇಗೆ ಬಿಸಿ ಅನ್ನುವುದು ನನ್ನ ಹತ್ತಿರವೇ ಇರಲಿ. ಮುಚ್ಚಳವಾಗಿ ಬತ್ತಿಬಟ್ಟೆಯನ್ನು ಮುಂಗಡೆಯಿಂದ ತಳ್ಳಿ ಚೇಂಬರಿನ ಮುಂದೆ ಅರ್ಧ ಇಂಚು ರೈಫ್ಲಿಂಗ್ (ನಳಿಗೆಯೊಳಗಿನ ಸುರುಳಿ ತೋಡು) ಬಿಟ್ಟು ನಿಲ್ಲಿಸಿದೆ, ನಡುವೆ ತಾಮ್ರದ ತಂತಿ. ಎರಕ ಹೊರಬಂದ ಕೂಡಲೇ ನಳಿಗೆ ತೊಳೆದು ಎಣ್ಣೆ ಹಾಕಬೇಕು, ಕೊಡಗಿನ ಹವೆಯಲ್ಲಿ ಗಂಧಕ ರಾತ್ರಿ ಕಳೆಯುವಷ್ಟರಲ್ಲಿ ಉಕ್ಕು ತಿನ್ನುತ್ತದೆ.

ನಂಬಿಕೆ ಬರಲಿ ಎಂದು ಮೊದಲು ಗೆಳೆಯರ .315 ರೈಫಲಿಗೆ ಹೊಯ್ದು, ಹಾರಿಸಿದ ಕೇಸಿನ ಜೊತೆ ಹೋಲಿಸಿದೆ. ವ್ಯತ್ಯಾಸ ಅರ್ಧ ಕೂದಲೆಳೆ, 0.03-0.04 ಮಿಲಿಮೀಟರ್ ಇರಬಹುದು. ಡೀಲರಿನ "ಸರಿ ಬರೋದಿಲ್ಲ" ಅಲ್ಲೇ ಬಿತ್ತು. ನಾಲ್ಕೈದು ದಿನ ಬಿಟ್ಟರೆ ಎರಕ ಬಿಳಿಚಿಕೊಂಡು ಪುಡಿಯಾಗುತ್ತದೆ, ಅದೇ ದಿನ ಅಳೆದುಬಿಡಿ.

ಈಗ ಜೋಡುನಳಿಗೆ. ಉದ್ದ 76 ಮಿಲಿಮೀಟರ್ ಚಿಲ್ಲರೆಯಲ್ಲಿ ಒಂದು ಬಳೆಯಂಥ ಗೆರೆ ಕಂಡಿತು. ಮೂರೂಕಾಲು ಅಂದಿದ್ದವರು ಫೋಟೋ ನೋಡಿ "ಅದು ತುಕ್ಕಿನ ಗೆರೆ, ನಿಜವಾದ ಅಂಚು ಮುಂದಿದೆ" ಅಂದರು. ಕಾರ್ಡೈಟಿನ ಬಿಸಿಯೂ ಹಳೇ ಕ್ಯಾಪಿನ ಉಪ್ಪೂ ತಿಂದ ಗಂಟಲು, ವಾದಕ್ಕೆ ಜಾಗ ಇತ್ತು. ಆದರೆ ಗುಟ್ಟು ಮುಂದಿಲ್ಲ, ಹಿಂದಿದೆ. ಮೂರೂಕಾಲಿನ ರಿಮ್ (ಕೇಸಿನ ತಳದ ಚಾಚು) ದಪ್ಪ ಒಂದು ಮಿಲಿಮೀಟರ್ ಅಷ್ಟೇ, ಮೂರು ಇಂಚಿನದ್ದು 1.65. ತೆಳು ರಿಮ್‌ನಿಂದ ಕೇಸು ಎಳೆಯುವಾಗ ಆಗುತ್ತಿದ್ದ ತೊಂದರೆಗೆ ದಪ್ಪ ರಿಮ್ಮೇ ಪರಿಹಾರ. ಸಾಮಾನ್ಯವಾಗಿ ಎರಕ ಹೊಯ್ಯುವವರು ರಿಮ್‌ಗೆ ಮೊದಲೇ ನಿಲ್ಲಿಸುತ್ತಾರೆ, ಉಕ್ಕಿ ಹರಿದರೆ ಕೇಸು ಎಳೆಯುವ ಎಕ್ಸ್‌ಟ್ರಾಕ್ಟರ್ ಕಚ್ಚಿಕೊಳ್ಳುತ್ತದೆ ಎಂಬ ಭಯ. ನಾನು ಅಂಚಿಗೆ ಸಮನಾಗಿ ತುಂಬಿಸಿದೆ. ಹೇಗೆ ಅಂತ ಕೇಳಬೇಡಿ, ಅದಕ್ಕೇ ಕೂಲಿ. ರಿಮ್ ಗುಂಡಿ 1.7 ಬಂತು. ಭುಜದ ವ್ಯಾಸ 13.2ರ ಆಸುಪಾಸು, ಮೂರೂಕಾಲಿನದ್ದಾದರೆ 12.8 ಇರಬೇಕಿತ್ತು. ಎಡ ನಳಿಗೆಯಲ್ಲೂ ಅದೇ. .450/400ರ ಮೂರು ಇಂಚಿನದು, ಅಂದರೆ .400 ಜೆಫರಿ.

ಸೀಸದ ಗುಂಡು ತಳ್ಳಿ ಬೋರನ್ನೂ ನೋಡಿದೆ. ಏಳು ತೋಡು, ಎದುರುಬದುರು ತೋಡೇ ಇಲ್ಲ, ಕ್ಯಾಲಿಪರ್ ಬರೀ ಸುಳ್ಳು ಹೇಳುತ್ತದೆ. ತೆಳು ಹಿತ್ತಾಳೆ ಪಟ್ಟಿ ಸುತ್ತಿ, ಅಳೆದು, ದಪ್ಪ ಕಳೆದರೆ .411 ಇಂಚಿನ ಹತ್ತಿರ. ಮೂರೂಕಾಲಿಗೆ .408 ಅನ್ನುತ್ತಾರೆ. ನೂರು ವರ್ಷ ಸವೆದ ನಳಿಗೆಯಲ್ಲಿ ಇಂಚಿನ ಸಾವಿರದಲ್ಲಿ ಮೂರು ಪಾಲನ್ನು ನಂಬಿ ನಾನು ತೀರ್ಮಾನ ಮಾಡುವುದಿಲ್ಲ. ಹೊಂದಿಕೆಯಾಯಿತು, ಅಷ್ಟೇ.

ಬ್ರಿಟಿಷ್ ಸರ್ಕಾರ .450 ಬೋರನ್ನು ಇಲ್ಲಿ ನಿಷೇಧಿಸಿದ ಮೇಲೆ .465, .470 ಹುಟ್ಟಿಕೊಂಡವು. ಇಂಥ .400ಗಳಿಗೆ ಆ ತಡೆ ಇರಲಿಲ್ಲ. ಎಸ್ಟೇಟ್ ದೊರೆಗಳ ಕೈಯಲ್ಲಿ ಇವು ಉಳಿದದ್ದಕ್ಕೆ ಅದೂ ಒಂದು ಕಾರಣ ಎಂದು ನನ್ನ ಲೆಕ್ಕ. ತೋಟಾ ಇವತ್ತಿಗೂ ವಿದೇಶದಲ್ಲಿ ತಯಾರಾಗುತ್ತದೆ, ಹಾರ್ನಡಿಯವರದ್ದು ಇದೆ. ತರಿಸುವ ಖರ್ಚು ಕೇಳಿ ಮನೆಯವರು ಸುಮ್ಮನಾದರು. ಹಾರಿಸುವ ಆಸೆ ಅವರಿಗೂ ಇಲ್ಲ.

ವುಡ್ಸ್ ಮೆಟಲ್ ಬಿಟ್ಟರೆ ನನಗೆ ಬಿದ್ದ ಖರ್ಚು ಐನೂರರ ಒಳಗೆ. ಕೂಲಿ ನಾಲ್ಕು ಸಾವಿರ ಹೇಳಿದ್ದೆ, ಮೂರೂವರೆ ಕೊಟ್ಟು ಒಂದು ಚೀಲ ಕಾಳುಮೆಣಸು ಹಾಕಿದರು. ಈಗಿನ ಮೆಣಸಿನ ದರಕ್ಕೆ ಲಾಭ ನನ್ನದೇ.