ಪುಕ್ಕಲು ಚುಕ್ಕಿಯ ಜೊತೆ ರಿಂಗಿಗೆ ಇಳಿದದ್ದು

ಅಜಿಲಿಟಿ ಅನ್ನುವ ನಾಯಿಗಳ ಅಡೆತಡೆ ಓಟದ ಮೊದಲ ಸ್ಪರ್ಧೆಯಲ್ಲಿ ನನ್ನ ನಾಯಿ ಚುಕ್ಕಿ ದಾಟಿದ್ದು ಒಂದೇ ಒಂದು ಜಂಪ್. ಎರಡನೆಯದರ ಮುಂದೆ ನಿಂತುಬಿಟ್ಟಳು. ಮೂಗು ನೆಲಕ್ಕಿಟ್ಟು ಹುಲ್ಲು ಮೂಸತೊಡಗಿದಳು. ನಾನು ಕರೆದೆ, ಚಪ್ಪಾಳೆ ತಟ್ಟಿದೆ, ಇನ್ನೂ ಜೋರಾಗಿ ಕರೆದೆ. ಅವಳು ಇನ್ನೂ ಜಾಸ್ತಿ ಮೂಸಿದಳು. ಹಗ್ಗದಾಚೆ ಯಾರೋ ನಕ್ಕರು. ಮೂರು ಸಲ ಹಿಂಜರಿದರೆ ಓಟ ಅಲ್ಲಿಗೆ ಮುಗಿಯಿತು ಅನ್ನುವುದು ನಿಯಮ. ಜಡ್ಜ್ ಕೈ ಎತ್ತಿದರು. ಹೊರಗೆ ಬಂದ ಮೇಲೆ ನಾನು ಆಡಿದ ಮಾತು ನೆನೆದರೆ ಈಗಲೂ ನಾಚಿಕೆ ಆಗುತ್ತದೆ: "ಬೇಕಂತಲೇ ಹಟ ಮಾಡ್ತಾಳೆ."

ಹಟ ಆಗಿರಲಿಲ್ಲ. ಜೊತೆಗೆ ಬಂದಿದ್ದವರು ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ಆ ರಾತ್ರಿ ಸದ್ದಿಲ್ಲದೆ ಹಾಕಿಕೊಂಡು ನೋಡಿದೆ. ರಿಂಗಿನ ಬಾಗಿಲಲ್ಲೇ ಅವಳು ಆಕಳಿಸುತ್ತಾಳೆ. ನಿದ್ದೆ ಬಂದು ಅಲ್ಲ. ತುಟಿ ನೆಕ್ಕಿಕೊಳ್ಳುತ್ತಾಳೆ, ಬಾಯಿಯ ಹತ್ತಿರ ತಿನ್ನಲು ಏನೂ ಇಲ್ಲ. ಕಿವಿ ಹಿಂದಕ್ಕೆ ಅಂಟಿವೆ. ಲೌಡ್‌ಸ್ಪೀಕರ್ ಕಡೆ ತಲೆ ತಿರುಗಿಸದೆ ಕಣ್ಣನ್ನಷ್ಟೇ ಹೊರಳಿಸುತ್ತಾಳೆ, ಕಣ್ಣಿನ ಬಿಳಿ ಕಾಣುತ್ತದೆ. ಇಷ್ಟೆಲ್ಲ ಆದಮೇಲೆ ನಾನು ಲೀಷ್ ಬಿಚ್ಚಿ "ಹೋಗು" ಅಂದಿದ್ದೇನೆ. ಹುಲ್ಲು ಮೂಸಿದ್ದು ಅವಳ ಕೊನೆಯ ಅರ್ಜಿ. ಅದಕ್ಕೂ ಮೊದಲು ಕೊಟ್ಟ ನಾಲ್ಕು ಅರ್ಜಿಗಳನ್ನು ನಾನು ಓದಿರಲೇ ಇಲ್ಲ.

ಚುಕ್ಕಿ ನನ್ನ ಹತ್ತಿರ ಬಂದಾಗ ಅವಳಿಗೆ ಒಂದು ವರ್ಷ ದಾಟಿತ್ತು. ನಾಯಿಮರಿಗಳು ಹೊಸ ಜನ, ಹೊಸ ಸದ್ದುಗಳನ್ನು ಸಲೀಸಾಗಿ ಒಪ್ಪಿಕೊಳ್ಳುವ ಕಾಲ 3ನೇ ವಾರದಿಂದ ಹೆಚ್ಚೂಕಡಿಮೆ 12-14ನೇ ವಾರದವರೆಗೆ. ಆ ಕಾಲವನ್ನು ಅವಳು ಎಲ್ಲಿ, ಹೇಗೆ ಕಳೆದಳೋ. ಮನೆಯಲ್ಲಿ ಮಾತ್ರ ಹುಲಿ. ನಮ್ಮ ಅಭ್ಯಾಸದ ಮೈದಾನದಲ್ಲೂ ಹುಲಿಯೇ. ಅದಕ್ಕೇ ನಾನು ಮೋಸ ಹೋದದ್ದು.

ಅಜಿಲಿಟಿ ಗೊತ್ತಿಲ್ಲದವರಿಗೆ: ಜಂಪ್, ಟನಲ್, ಸೀಸಾ, ಎತ್ತರದ ಹಲಗೆ, ಸಾಲಾಗಿ ನಿಲ್ಲಿಸಿದ ಕೋಲುಗಳು, ಇವನ್ನೆಲ್ಲ ಜಡ್ಜ್ ಇಟ್ಟ ಕ್ರಮದಲ್ಲಿ ನಾಯಿ ದಾಟಬೇಕು. ನಾವು ಪಕ್ಕದಲ್ಲಿ ಓಡುತ್ತಾ ದಾರಿ ತೋರಿಸಬೇಕು. ಮುಟ್ಟುವ ಹಾಗಿಲ್ಲ. ಈ ಆಟ ಶುರುವಾದದ್ದೇ 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ. ಎರಡು ಕಾರ್ಯಕ್ರಮಗಳ ನಡುವೆ ಜನರಿಗೆ ಬೇಜಾರಾಗದಿರಲಿ ಅಂತ ಕುದುರೆ ಜಿಗಿತದ ಮಾದರಿಯಲ್ಲಿ ಮಾಡಿದ್ದು. ಅಂದರೆ ಜನ, ಗದ್ದಲ, ಚಪ್ಪಾಳೆ ಈ ಆಟದ ಹುಟ್ಟಿನಲ್ಲೇ ಇವೆ. ನಾನು ಚುಕ್ಕಿಗೆ ಜಿಗಿಯುವುದನ್ನು ಕಲಿಸಿದ್ದೆ. ಗದ್ದಲವನ್ನು ಕಲಿಸಿರಲಿಲ್ಲ.

"ನಾಲ್ಕು ಸ್ಪರ್ಧೆಗೆ ಕರ್ಕೊಂಡು ಹೋಗಿ, ತಾನಾಗೇ ಅಭ್ಯಾಸ ಆಗುತ್ತೆ ಬಿಡಿ" ಅಂದವರು ಬಹಳ ಜನ. ನಾನೂ ಇನ್ನೆರಡಕ್ಕೆ ಹೋದೆ. ಎರಡನೆಯದರಲ್ಲಿ ಚುಕ್ಕಿ ಟನಲ್ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಅರವತ್ತು ಸೆಂಟಿಮೀಟರ್ ಅಗಲದ ಕತ್ತಲ ಕೊಳವೆ, ಹೆದರಿದ ಜೀವಕ್ಕೆ ಅದಕ್ಕಿಂತ ಒಳ್ಳೆಯ ಮನೆ ಎಲ್ಲಿದೆ? ನಾನು ಮಂಡಿಯೂರಿ ಬಗ್ಗಿ ನೋಡಿದರೆ ಒಳಗಿಂದ ಎರಡು ಕಣ್ಣು ಹೊಳೆಯುತ್ತಿದ್ದವು. ಮೂರನೆಯ ಸ್ಪರ್ಧೆಗೆ ಅವಳು ಕಾರಿನಿಂದಲೇ ಇಳಿಯಲಿಲ್ಲ. ಅಭ್ಯಾಸವೇನೋ ಆಗಿತ್ತು, ಹೆದರುವ ಅಭ್ಯಾಸ.

ಅಲ್ಲಿಗೆ ನಿಲ್ಲಿಸಿದೆ. ಮೊದಲು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಬೆನ್ನು, ಸೊಂಟ, ಕಿವಿ ಎಲ್ಲ ತೋರಿಸಿದೆ. ನೋವಿರುವ ನಾಯಿಯೂ ಹೆದರಿದ ನಾಯಿಯ ಹಾಗೇ ಕಾಣುತ್ತದೆ. ನೋವೇನೂ ಇರಲಿಲ್ಲ. ಔಷಧದ ಮಾತೂ ಬಂತು. ಕೆಲವು ನಾಯಿಗಳಿಗೆ ಅದು ಬೇಕೇ ಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸ್ಪರ್ಧೆಗೆ ಇಳಿಸುವುದಾದರೆ ಡೋಪಿಂಗ್ ನಿಯಮ ಮೊದಲು ಓದಿಕೊಳ್ಳಿ. ನಾವು ಔಷಧ ಇಲ್ಲದೆ ಪ್ರಯತ್ನಿಸೋಣ ಅಂತ ತೀರ್ಮಾನಿಸಿದೆವು.

ಆಮೇಲೆ ಲೆಕ್ಕ ಹಾಕಿದೆ. ರಿಂಗಿನಲ್ಲಿ ಓಟ ಒಂದು ನಿಮಿಷವೂ ಇರುವುದಿಲ್ಲ. ಉಳಿದ ಏಳೆಂಟು ಗಂಟೆ ಅವಳು ಏನು ಮಾಡುತ್ತಿದ್ದಳು? ಬೆಳಗಿನ ಜಾವದ ಪ್ರಯಾಣ. ಅವಳು ಕೂರುವ ಕ್ರೇಟಿನ ಪಕ್ಕದಲ್ಲೇ ಬೊಗಳುವ ನಾಯಿ. ತಲೆ ಸವರಲು ಬರುವ ಮಕ್ಕಳು. ಮೈಕು. ಸರದಿಯಲ್ಲಿ ಮುಂದೆ ನಿಂತು ಜಗ್ಗಾಡುವ ಇನ್ನೊಂದು ನಾಯಿ. ಭಯ ಕೈಸಾಲದ ಹಾಗೆ. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ, ಒಂದೊಂದೂ ಸಣ್ಣದೇ. ಸಾಲ ಕೊಟ್ಟವರೆಲ್ಲ ಒಟ್ಟಿಗೆ ಬಂದು ಬಾಗಿಲು ತಟ್ಟಿದ್ದು ಮಾತ್ರ ಎರಡನೆಯ ಜಂಪಿನ ಮುಂದೆ. ನಾನೋ ಆ ಜಂಪನ್ನೇ ದೂರುತ್ತಾ ಕೂತಿದ್ದೆ.

ಹಾಗಾಗಿ ಆರು ತಿಂಗಳು ಎಲ್ಲೂ ಹೆಸರು ಕೊಡಲಿಲ್ಲ. ಸ್ಪರ್ಧೆಗಳಿಗೆ ಹೋಗುತ್ತಿದ್ದೆವು, ಸುಮ್ನೆ ನೋಡಲು. ಮೊದಲ ಸಲ ಮೈದಾನದ ಗೇಟಿಂದ ಬಹಳ ದೂರ ಕಾರು ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು ಕೂತೆವು. ಮೈಕಿನ ಸದ್ದು ತೇಲಿ ಬಂದಾಗ ಒಂದು ತುಂಡು ಬೇಯಿಸಿದ ಕೋಳಿ. ಸದ್ದು ನಿಂತರೆ ಕೋಳಿಯೂ ನಿಂತಿತು. ಈ ಕ್ರಮ ಮುಖ್ಯ. ಸದ್ದು ಮೊದಲು, ತಿಂಡಿ ಆಮೇಲೆ. ತಿರುವುಮುರುವು ಮಾಡಿದರೆ ಕೋಳಿಯೇ ಕೆಟ್ಟ ಸುದ್ದಿ ಆಗಿಬಿಡುತ್ತದೆ. ಇಪ್ಪತ್ತು ನಿಮಿಷಕ್ಕೆ ಮನೆಗೆ ವಾಪಸ್. ಹೆದರಿದಾಗ ತಿನ್ನಲು ಕೊಟ್ಟರೆ ಭಯಕ್ಕೆ ಬಹುಮಾನ ಕೊಟ್ಟಂತೆ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ಭಯ ಅನ್ನುವುದು ಬೇಕೆಂದು ಮಾಡುವ ಕೆಲಸ ಅಲ್ಲ, ಬಹುಮಾನ ಸಿಕ್ಕಿತೆಂದು ಅದು ಬೆಳೆಯುವುದಿಲ್ಲ. ಆದರೆ ಕೋಳಿಯನ್ನೂ ಮೂಸದಷ್ಟು ಹೆದರಿದ್ದರೆ ನಾವು ತೀರಾ ಹತ್ತಿರ ಬಂದಿದ್ದೇವೆ ಅಂತ ಅರ್ಥ. ಅಂಥ ದಿನ ಕಾರು ತಿರುಗಿಸಿದ್ದೇ.

ಎರಡನೆಯದು ನೋಡುವ ಆಟ. ಬೇರೆ ನಾಯಿಯನ್ನು ನೋಡಬೇಡ, ನನ್ನನ್ನೇ ನೋಡು ಅಂತ ನಾನು ಕಲಿಸಿದ್ದೆ. ಹಾವು ಪಕ್ಕದಲ್ಲಿರುವಾಗ ಹಾವನ್ನು ನೋಡಬೇಡ ಅಂದ ಹಾಗೆ ಅದು. ಈಗ ಉಲ್ಟಾ ಮಾಡಿದೆ. ದೂರದಲ್ಲಿ ನಾಯಿ ಕಂಡು ಅವಳು ಅತ್ತ ನೋಡಿದರೆ "ಹೂಂ" ಅನ್ನುತ್ತೇನೆ, ಅವಳು ನನ್ನ ಕಡೆ ತಿರುಗುತ್ತಾಳೆ, ತಿಂಡಿ. ಕೆಲವು ವಾರಗಳಲ್ಲಿ ಅವಳೇ ನಾಯಿಗಳನ್ನು ಹುಡುಕಿ, ನೋಡಿ, "ಕಂಡೆ, ಎಲ್ಲಿ ನನ್ನ ಪಾಲು?" ಅನ್ನುವ ಮುಖ ಮಾಡಿಕೊಂಡು ತಿರುಗುವಂತಾದಳು.

ಜಾಸ್ತಿ ಸಮಯ ತಿಂದದ್ದು ಸೀಸಾ. ಮಕ್ಕಳ ಪಾರ್ಕಿನಲ್ಲಿ ಇರುವಂಥದೇ ಹಲಗೆ, ಆದರೆ ಉದ್ದ 3.6 ಮೀಟರಿಗೂ ಮೇಲೆ. ನಾಯಿ ನಡುವೆ ದಾಟುತ್ತಲೇ ಕಾಲ ಕೆಳಗಿನ ನೆಲ ಜಾರಿದಂತೆ ಹಲಗೆ ವಾಲುತ್ತದೆ, ತುದಿ ನೆಲಕ್ಕೆ ದಬ್ ಅಂತ ಬಡಿಯುತ್ತದೆ. ಅದು ಬಡಿಯುವ ಮೊದಲೇ ಹಾರಿಕೊಂಡರೆ ತಪ್ಪು. ಪುಕ್ಕಲು ನಾಯಿಗೆ ಎಲುಬಿನಲ್ಲಿ ನಡುಕ ಹುಟ್ಟಿಸಲೆಂದೇ ಮಾಡಿದಂತಿದೆ. ನಾನು ವಾಲುವುದನ್ನೂ ಸದ್ದನ್ನೂ ಬೇರೆ ಮಾಡಿದೆ. ಮೊದಲು ಬರೀ ಸದ್ದು. ಹಲಗೆಯ ತುದಿಯ ಕೆಳಗೆ ಹಳೆ ಹಾಸಿಗೆ ಮಡಚಿಟ್ಟು, ಒಂದು ಅಂಗುಲ ಮಾತ್ರ ಜಾಗ ಬಿಟ್ಟೆ. ಚುಕ್ಕಿ ಮುಂಗಾಲಿಂದ ಒತ್ತಿದರೆ "ಡುಪ್" ಅನ್ನುವ ಮೆತ್ತನೆ ಸದ್ದು. ಒತ್ತಿದವಳು ಅವಳೇ. ಒತ್ತಿದರೆ ಕೋಳಿ. ಅದೊಂದು ತಮಾಷೆಯಾಯಿತು ಅವಳಿಗೆ. ವಾರಕ್ಕೊಂದು ಪದರ ತೆಗೆಯುತ್ತಾ ಹೋದೆ. "ಡುಪ್" ಹೋಗಿ "ಡಬ್" ಬಂತು, ಆಮೇಲೆ "ದಬ್". ಯಾರೋ ಮಾಡಿದ ಸದ್ದಿಗೂ ತಾನೇ ಮಾಡಿದ ಸದ್ದಿಗೂ ಅಜಗಜಾಂತರ ಅನ್ನುವುದು ನನಗೆ ಹೊಳೆದದ್ದು ಅಲ್ಲಿಯೇ. ಇನ್ನೊಬ್ಬರ ಕೈಯ ಬಾಗಿಲು ಬಡಿದರೆ ಬೆಚ್ಚುತ್ತೇವೆ, ನಾವೇ ಬಡಿದರೆ ಇಲ್ಲ. ವಾಲುವುದನ್ನು ಬೇರೆಯಾಗಿ, ಒಂದು ಇಟ್ಟಿಗೆಯಷ್ಟೇ ಎತ್ತರದ ಹಲಗೆಯಲ್ಲಿ ಕಲಿಸಿದೆ. ಎರಡನ್ನೂ ಒಟ್ಟು ಸೇರಿಸುವ ಹೊತ್ತಿಗೆ ನಾಲ್ಕು ತಿಂಗಳು ಆಗಿತ್ತು.

ಸೀಸಾದಿಂದ ಕಲಿತದ್ದನ್ನೇ ರಿಂಗಿನ ಬಾಗಿಲಿಗೂ ತಂದೆ. ಒಂದು ಸಣ್ಣ ಚಾಪೆ. ನಾನು ಅದನ್ನು ಹಾಸಿ ಸುಮ್ಮನೆ ನಿಲ್ಲುತ್ತೇನೆ. ಅವಳಾಗಿ ಚಾಪೆಯ ಮೇಲೆ ಬಂದು ನಿಂತು ನನ್ನ ಮುಖ ನೋಡಿದರೆ ಕೆಲಸ ಶುರು. ಬರದಿದ್ದರೆ ಇಲ್ಲ. ಕರೆಯುವುದಿಲ್ಲ, ತಿಂಡಿ ತೋರಿಸಿ ಎಳೆಯುವುದಿಲ್ಲ. ಮೊದಮೊದಲು ಇದು ನನಗೇ ಕಷ್ಟ ಆಯಿತು. "ಬೇಡ" ಅನ್ನುವ ಹಕ್ಕು ಕೊಟ್ಟರೆ ಯಾವಾಗಲೂ ಬೇಡ ಅಂದುಬಿಟ್ಟರೆ? ಹಾಗೆ ಆಗಲಿಲ್ಲ. ಬೇಡ ಅಂದರೆ ನಡೆಯುತ್ತದೆ ಅಂತ ಗೊತ್ತಾದ ಮೇಲೆ ಅವಳು ಬೇಡ ಅನ್ನುವುದು ಕಡಿಮೆಯಾಯಿತು.

ನಡುವೆ ನೋಸ್‌ವರ್ಕ್‌ಗೆ ಸೇರಿಸಿದೆ. ಲವಂಗದ ಎಣ್ಣೆಯಂಥ ಒಂದು ವಾಸನೆ ತಾಗಿಸಿದ ಹತ್ತಿಯ ಕಡ್ಡಿಯನ್ನು ಎಲ್ಲೋ ಅಡಗಿಸಿಟ್ಟಿರುತ್ತಾರೆ, ನಾಯಿ ಹುಡುಕಬೇಕು. ಒಂದು ಸಲಕ್ಕೆ ಒಂದೇ ನಾಯಿ ಒಳಗೆ. ಚಪ್ಪಾಳೆ ಇಲ್ಲ, ಓಟವಿಲ್ಲ. ಇಲ್ಲಿ ನೆಲ ಮೂಸುವುದೇ ಕೆಲಸ! ಯಾವುದಕ್ಕೆ ಅವಳಿಗೆ ಬೈದಿದ್ದೆನೋ ಅದಕ್ಕೇ ಇಲ್ಲಿ ಅಂಕ. ಲೀಷಿನ ಈ ತುದಿಯಲ್ಲಿ ನಾನು ಬಾಯಿ ಮುಚ್ಚಿಕೊಂಡು ಹಿಂದೆ ಹೋಗಬೇಕು. ಬಾಲ ಮೇಲೆತ್ತಿ ಹೊಸ ಜಾಗದಲ್ಲಿ ಅವಳು ನಡೆದದ್ದನ್ನು ನಾನು ಮೊದಲು ನೋಡಿದ್ದು ಅಲ್ಲಿ. ನಾಯಿ ತೀರಾ ಅಂಜುಬುರುಕ ಅಂತಿದ್ದರೆ ಇಲ್ಲಿಂದಲೇ ಶುರು ಮಾಡಿ ಅಂತ ಯಾರು ಕೇಳಿದರೂ ಹೇಳುತ್ತೇನೆ.

ಇನ್ನು ನನ್ನ ವಿಷಯ. ಸ್ವೀಡನ್ನಿನ ಲಿಂಶೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. 58 ನಾಯಿಗಳ ಮತ್ತು ಅವುಗಳ ಯಜಮಾನರ ಕೂದಲಿನಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಅಳೆದರು. ಯಜಮಾನರಲ್ಲಿ ಜಾಸ್ತಿ ಇದ್ದಲ್ಲಿ ನಾಯಿಯಲ್ಲೂ ಜಾಸ್ತಿ ಇತ್ತು. ಓದಿ ಎದೆ ಧಸಕ್ಕೆಂದಿತು. ಸ್ಪರ್ಧೆಯ ಹಿಂದಿನ ರಾತ್ರಿ ನಿದ್ದೆ ಮಾಡದೆ, ಬೆಳಗ್ಗೆ ಯಾರ ಹತ್ತಿರವೂ ಮಾತಾಡದೆ, ಲೀಷನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಹಿಡಿಯುತ್ತಿದ್ದದ್ದು ಯಾರು? ಈಗ ಚಾಪೆಯ ಹತ್ತಿರ ನಿಂತು ಮೊದಲು ನಾನು ಉಸಿರು ಪೂರ್ತಿ ಹೊರಗೆ ಬಿಡುತ್ತೇನೆ. ಅಭ್ಯಾಸದಲ್ಲಿ ಆಡುವ ಹುಚ್ಚು ಮಾತುಗಳನ್ನೇ ಅಲ್ಲೂ ಆಡುತ್ತೇನೆ. ಪಕ್ಕದವರು ನೋಡಿದರೆ ನೋಡಲಿ.

ಮತ್ತೆ ಹೆಸರು ಕೊಟ್ಟಾಗ ಯುಕೆಐ (ಯುಕೆ ಅಜಿಲಿಟಿ ಇಂಟರ್‌ನ್ಯಾಷನಲ್) ಸಂಸ್ಥೆಯ ನಿಯಮದ ಸ್ಪರ್ಧೆ ಆರಿಸಿದೆ. ಅಲ್ಲಿ ಎನ್‌ಎಫ್‌ಸಿ, ಅಂದರೆ "ನಾಟ್ ಫಾರ್ ಕಾಂಪಿಟಿಷನ್", ಅಂತ ಮೊದಲೇ ಹೇಳಿದರೆ ಆ ಓಟ ಲೆಕ್ಕಕ್ಕಿಲ್ಲ, ಆಟಿಕೆಯನ್ನು ರಿಂಗಿನೊಳಗೆ ಒಯ್ಯಬಹುದು. ಮೂರು ಜಂಪ್, ಒಂದು ಟನಲ್, ಹಗ್ಗದ ಜಗ್ಗಾಟ, ಹೊರಗೆ. ಹನ್ನೆರಡೋ ಹದಿಮೂರೋ ಸೆಕೆಂಡ್. ಅಷ್ಟಕ್ಕೆ ದುಡ್ಡು ಕಟ್ಟಿದ್ದೀಯಾ ಅಂತ ಗೆಳೆಯರೊಬ್ಬರು ನಕ್ಕರು. ಹೌದು, ಅಷ್ಟಕ್ಕೇ. ಹೊರಗೆ ಬಂದವಳು ಮತ್ತೆ ರಿಂಗಿನ ಕಡೆ ತಿರುಗಿ ನೋಡಿದಳಲ್ಲ!

ಸಾಲು ಕೋಲುಗಳನ್ನು ಮಾತ್ರ ಬಹಳ ದಿನ ಕೇಳಲಿಲ್ಲ. ಹನ್ನೆರಡು ಕೋಲುಗಳ ನಡುವೆ ಹಾವಿನಂತೆ ನುಸುಳುವುದು ಅವಳಿಗೆ ಅಭ್ಯಾಸದಲ್ಲಿ ನೀರು ಕುಡಿದಷ್ಟು ಸುಲಭ, ಸ್ಪರ್ಧೆಯಲ್ಲಿ ನಾಲ್ಕನೆಯದಕ್ಕೇ ಕಳಚಿಕೊಳ್ಳುತ್ತಿತ್ತು. ಜಂಪಿಗೆ ಹಾಗೆ ಆಗುತ್ತಿರಲಿಲ್ಲ. 1908ರಷ್ಟು ಹಿಂದೆಯೇ ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವ ಇಬ್ಬರು ಇಲಿಗಳಲ್ಲಿ ಇಂಥದನ್ನು ಕಂಡಿದ್ದರು. ಒತ್ತಡ ಏರಿದಾಗ ಕಷ್ಟದ ಕೆಲಸ ಮೊದಲು ಕೆಡುತ್ತದೆ, ಸುಲಭದ್ದು ಇನ್ನಷ್ಟು ಹೊತ್ತು ತಡೆಯುತ್ತದೆ. ಹಾಗಾಗಿ ಕೋಲುಗಳು ಬಂದಾಗ ನಾನು ಪಕ್ಕದಿಂದ ಓಡಿಬಿಡುತ್ತಿದ್ದೆ. ಡಿಸ್ಕ್ವಾಲಿಫೈ. ಬೇಕಾದಷ್ಟು ಸಲ.

ಒಂದು ದಿನ ಸರದಿಯಲ್ಲಿ ನಮ್ಮ ನಂಬರ್ ಕೂಗಿದರು. ಚಾಪೆ ಹಾಸಿದೆ. ಚುಕ್ಕಿ ನನ್ನ ಕಾಲ ಹಿಂದೆ ನಿಂತಳು, ಬರಲಿಲ್ಲ. ಗಾಳಿ ಜೋರಿತ್ತು, ಟೆಂಟಿನ ಬಟ್ಟೆ ಪಟಪಟ ಅನ್ನುತ್ತಿತ್ತು. ಸರದಿ ನೋಡಿಕೊಳ್ಳುವ ಸ್ಟೀವರ್ಡ್‌ಗೆ "ನಾವು ಓಡಲ್ಲ" ಅಂದು ಚಾಪೆ ಸುತ್ತಿಕೊಂಡು ಕಾರಿಗೆ ನಡೆದೆ. ಅವಳಿಗೆ ಪೂರ್ತಿ ಡಬ್ಬಿ ಕೋಳಿ ಕೊಟ್ಟೆ. ವಾಪಸ್ ಬರುವಾಗ ಬೇಜಾರಾಗಿತ್ತು ನಿಜ, ಸುಳ್ಳು ಹೇಳಲ್ಲ. ಮುಂದಿನ ಸ್ಪರ್ಧೆಯಲ್ಲಿ ಚಾಪೆ ನೆಲ ಮುಟ್ಟುವ ಮೊದಲೇ ಅದರ ಮೇಲೆ ಇದ್ದಳು. ಆ ಓಟ ತಪ್ಪಿಲ್ಲದೆ ಮುಗಿಯಿತು. ನಿಗದಿ ಸಮಯ ಮೀರಿತ್ತು, ಪದಕ ಗಿದಕ ಏನಿಲ್ಲ.

ಮುಂದಿನ ತಿಂಗಳು ಎರಡು ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಎರಡೂ ಜಂಪಿಂಗ್ ವಿಭಾಗ, ಅದರಲ್ಲಿ ಸೀಸಾ ಇರುವುದಿಲ್ಲ. ಮನೆಯಲ್ಲಿ "ದಬ್" ಈಗ ಅವಳ ಮೆಚ್ಚಿನ ಆಟ. ಹೊಸ ಜಾಗದಲ್ಲಿ ಮಾತ್ರ ಇನ್ನೂ ಹಲಗೆಯ ತುದಿಯಲ್ಲಿ ಒಂದು ಕಾಲಿಟ್ಟು ನನ್ನ ಮುಖ ನೋಡುತ್ತಾಳೆ. ಹಳೆ ಹಾಸಿಗೆಯನ್ನು ಕಾರಿನ ಡಿಕ್ಕಿಯಿಂದ ಇನ್ನೂ ತೆಗೆದಿಲ್ಲ.